ಒಬ್ಬ ಶಿಷ್ಯ, ಆರು ಗುರುಗಳು

ನರುಟೊ, ಡ್ರ್ಯಾಗನ್ ಬಾಲ್ ಅನ್ನುವ ಮಾಂಗಾಗಳ, ಅಂದರೆ ಜಪಾನಿನ ಚಿತ್ರಕಥೆಗಳ, ಹೆಸರು ಕೇಳದ ಹೈಸ್ಕೂಲ್ ಹುಡುಗ ಈಗ ಪುಣೆಯಲ್ಲಿ ಸಿಗುವುದು ಕಷ್ಟ. ಎಫ್‌ಸಿ ರೋಡಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬನ್ನಿ, ಟೀ ಶರ್ಟಿನ ಮೇಲೆ, ಬ್ಯಾಗಿನ ಮೇಲೆ, ಮೊಬೈಲ್ ಕವರಿನ ಮೇಲೆ ಅವೇ ಮುಖಗಳು. ಆದರೆ ಕೆನಿಚಿ ಅಂದರೆ ‘ಅದ್ಯಾರು?’ ಅನ್ನುವವರೇ ಜಾಸ್ತಿ. ನನಗೆ ಇದು ಬೇಜಾರಿನ ಸಂಗತಿ. ಹೊಡೆದಾಟದ ಮಾಂಗಾಗಳನ್ನು ನಾನು ಬಹಳ ಓದಿದ್ದೇನೆ. ಒಬ್ಬರು ಇನ್ನೊಬ್ಬರಿಗೆ ವಿದ್ಯೆ ಕಲಿಸುವುದು ಅಂದರೆ ಏನು, ಕಲಿಸುವವನ ಹೊಣೆ ಎಲ್ಲಿಂದ ಎಲ್ಲಿವರೆಗೆ ಅನ್ನುವುದನ್ನು ಇಷ್ಟು ಮನಸ್ಸಿಟ್ಟು ಹೇಳಿದ ಇನ್ನೊಂದು ನನಗೆ ಸಿಕ್ಕಿಲ್ಲ.

ಪೂರ್ತಿ ಹೆಸರು ‘ಶಿಜೋ ಸೈಕ್ಯೋ ನೋ ದೇಶಿ ಕೆನಿಚಿ’. ಇತಿಹಾಸದಲ್ಲೇ ಎಲ್ಲರಿಗಿಂತ ಬಲಶಾಲಿಯಾದ ಶಿಷ್ಯ ಕೆನಿಚಿ ಅಂತ ಅರ್ಥ. ಬರೆದು ಚಿತ್ರ ಬಿಡಿಸಿದವರು ಶುನ್ ಮತ್ಸುಎನಾ. 2002ರಿಂದ 2014ರವರೆಗೆ ಜಪಾನಿನ ‘ವೀಕ್ಲಿ ಶೋನೆನ್ ಸಂಡೇ’ಯಲ್ಲಿ ವಾರವಾರ ಬಂತು, ಪುಸ್ತಕ ರೂಪದಲ್ಲಿ 61 ಸಂಪುಟ ಆಯಿತು. ಟಿವಿ ಅನಿಮೆ, ಅಂದರೆ ಅದರ ಕಾರ್ಟೂನ್ ರೂಪ, 2006ರ ಅಕ್ಟೋಬರಿನಲ್ಲಿ ಶುರುವಾಗಿ 2007ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಒಟ್ಟು 50 ಕಂತು.

ಕಥೆ ಶುರುವಾಗುವುದು ಶಾಲೆಯಲ್ಲಿ. ಶಿರಹಾಮಾ ಕೆನಿಚಿ ಹೈಸ್ಕೂಲಿನ ಮೊದಲ ವರ್ಷದ ಹುಡುಗ. ಪುಸ್ತಕ ಓದುವುದು, ಗಿಡಗಳಿಗೆ ನೀರು ಹಾಕುವುದು ಇಷ್ಟ. ಕರಾಟೆ ಕ್ಲಬ್ ಸೇರಿದ್ದಾನೆ, ಆದರೆ ಅಲ್ಲಿ ದಿನಾ ಏಟು ತಿನ್ನುವುದೇ ಅವನ ಕೆಲಸ. ದೈಮೊಂಜಿ ಅನ್ನುವ ದಢೂತಿ ಹುಡುಗ ಸವಾಲು ಹಾಕುತ್ತಾನೆ, ಸೋತವನು ಕ್ಲಬ್ ಬಿಡಬೇಕು ಅಂತ. ಅದೇ ಹೊತ್ತಿಗೆ ಶಾಲೆಗೆ ಹೊಸದಾಗಿ ಬಂದ ಮಿಯು ಫುರಿಂಜಿ ಅನ್ನುವ ಹುಡುಗಿ ಅವನಿಗೆ ಕಾಲು ಇಡುವ ಒಂದು ಸಣ್ಣ ಪಟ್ಟು ಹೇಳಿಕೊಡುತ್ತಾಳೆ. ಎದುರಾಳಿಯ ಹಿಂದೆ ಹೋಗಿ ನಿಲ್ಲುವ ಹೆಜ್ಜೆ, ಅಷ್ಟೇ. ಅದರಿಂದ ಅವನು ಗೆಲ್ಲುತ್ತಾನೆ. ಗೆದ್ದ ಮೇಲೆ ಅವನ ಕಷ್ಟ ಮುಗಿಯುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ. ಊರಿನ ಪುಂಡ ಹುಡುಗರ ‘ರಗ್ನರೋಕ್’ ಅನ್ನುವ ಗುಂಪಿನ ಕಣ್ಣು ಇವನ ಮೇಲೆ ಬೀಳುತ್ತದೆ. ಒಬ್ಬನನ್ನು ಸೋಲಿಸಿದರೆ ಅವನಿಗಿಂತ ಗಟ್ಟಿಗ ಇನ್ನೊಬ್ಬ ಬರುತ್ತಾನೆ. ಆಗ ಮಿಯು ಅವನನ್ನು ತನ್ನ ಅಜ್ಜನ ಮನೆಗೆ ಕರೆದುಕೊಂಡು ಹೋಗುತ್ತಾಳೆ.

ಆ ಮನೆಯ ಹೆಸರು ರ್ಯೋಜಾನ್‌ಪಾಕು. ಹಳೇ ಚೀನೀ ಕಥೆಯೊಂದರಲ್ಲಿ 108 ಬಂಡಾಯಗಾರರು ಸೇರಿಕೊಂಡಿದ್ದ ಲಿಯಾಂಗ್‌ಶಾನ್ ಜವುಗು ಪ್ರದೇಶ ಇದೆಯಲ್ಲ, ಅದರ ಹೆಸರನ್ನೇ ಈ ದೋಜೋಗೆ, ಅಂದರೆ ಜಪಾನೀ ಗರಡಿಗೆ, ಇಟ್ಟಿದ್ದಾರೆ. ಇಲ್ಲಿಯೂ ಬೇರೆ ಬೇರೆ ದಾರಿಯಿಂದ ಬಂದವರು ಒಂದೇ ಸೂರಿನ ಕೆಳಗೆ ಇದ್ದಾರೆ. ಅಕಿಸಾಮೆ ಕೊಎತ್ಸುಜಿ ಜುಜುತ್ಸು ಕಲಿತವನು, ಜೊತೆಗೆ ಶಿಲ್ಪಿ, ಚಿತ್ರಕಾರ, ಮೂಳೆ ಸರಿ ಮಾಡುವ ವೈದ್ಯ. ಸಾಕಾಕಿ ಶಿಯೋ ಕರಾಟೆಯವನು, ಮುಖದ ಮೇಲೆ ದೊಡ್ಡ ಗಾಯದ ಗುರುತು, ಕೈಯಲ್ಲಿ ಬಿಯರು. ಮಾ ಕೆನ್‌ಸೇ ಚೀನೀ ಕೆಂಪೋ ಬಲ್ಲವನು, ಸೂಜಿ ಚಿಕಿತ್ಸೆ ಮಾಡುತ್ತಾನೆ. ಅಪಾಚೈ ಥಾಯ್ಲೆಂಡಿನ ಮುಯ್ ಥಾಯ್‌ನವನು. ಶಿಗುರೆ ಕತ್ತಿ ಮತ್ತು ಎಲ್ಲಾ ಬಗೆಯ ಆಯುಧ ಬಲ್ಲ ಹೆಂಗಸು, ಮಾತು ಕಡಿಮೆ, ತೊಚುಮಾರು ಅನ್ನುವ ಇಲಿಯೊಂದನ್ನು ಸಾಕಿಕೊಂಡಿದ್ದಾಳೆ. ಇವರೆಲ್ಲರ ಮೇಲೆ ಮಿಯುವಿನ ಅಜ್ಜ ಹಯಾತೊ ಫುರಿಂಜಿ, ಎಲ್ಲರೂ ಹಿರಿಯರು ಅಂತ ಕರೆಯುವ ಮನುಷ್ಯ. ಲೋಕದಲ್ಲೇ ದೊಡ್ಡ ಗುರುಗಳು, ಆದರೆ ಮನೆಯಲ್ಲಿ ದುಡ್ಡಿಲ್ಲ. ಖರ್ಚು ವೆಚ್ಚ ತೂಗಿಸುವುದು, ಅಡುಗೆ ಮಾಡುವುದು ಎಲ್ಲಾ ಮಿಯುವಿನ ತಲೆಯ ಮೇಲೆ.

ಆರು ಜನ, ಆರು ಬೇರೆ ಪದ್ಧತಿ. ಊಟಕ್ಕೆ ಕೂತರೆ ವಾದ, ಕಲಿಸುವ ಸರದಿ ಯಾರದು ಅಂತ ವಾದ. ಆದರೂ ಅವರಿಗೆ ಇರುವ ಶಿಷ್ಯ ಒಬ್ಬನೇ. ಮತ್ತು ಆ ಶಿಷ್ಯನಿಗೆ ಪ್ರತಿಭೆ ಇಲ್ಲ.

ಇದನ್ನು ಅವರು ಬಚ್ಚಿಡುವುದೇ ಇಲ್ಲ. ನಿನಗೆ ಇದರ ಪ್ರತಿಭೆ ಒಂಚೂರೂ ಇಲ್ಲ ಅಂತ ಅವನ ಮುಖಕ್ಕೇ ಹೇಳುತ್ತಾರೆ. ಎಷ್ಟೋ ಮಾಂಗಾಗಳಲ್ಲಿ ಮೊದಲು ಹೀಗೆ ಹೇಳಿ, ಆಮೇಲೆ ಹುಡುಗನ ಅಪ್ಪ ದೊಡ್ಡ ವೀರನಾಗಿದ್ದ, ರಕ್ತದಲ್ಲೇ ಶಕ್ತಿ ಇತ್ತು ಅಂತ ತೆಗೆಯುತ್ತಾರೆ ಅಲ್ವಾ? ಇಲ್ಲಿ ಅದಿಲ್ಲ. ಕೆನಿಚಿಯ ಅಪ್ಪ ಅಮ್ಮ ಸಾಮಾನ್ಯ ಜನ. 61 ಸಂಪುಟ ಮುಗಿದರೂ ಅವನ ರಕ್ತದಲ್ಲಿ ಯಾವ ಗುಟ್ಟೂ ಹೊರಬರುವುದಿಲ್ಲ. ಇರುವುದು ಎರಡೇ. ಬಿಡದೇ ಮಾಡುವ ಅವನ ಛಲ, ಬಿಡದೇ ಮಾಡಿಸುವ ಗುರುಗಳು.

ಮಾಡಿಸುವುದು ಹೇಗೆ ಅನ್ನುವುದನ್ನು ಮತ್ಸುಎನಾ ಪುಟಗಟ್ಟಲೆ ಬಿಡಿಸುತ್ತಾರೆ. ಹೊಡೆದಾಟ ಎರಡು ಪುಟದಲ್ಲಿ ಮುಗಿದರೂ ಅದಕ್ಕೆ ಮೊದಲು ನಡೆದ ಸಾಧನೆಗೆ ಒಂದಿಡೀ ಅಧ್ಯಾಯ ಕೊಡುತ್ತಾರೆ. ಕುದುರೆ ಸವಾರನ ಹಾಗೆ ಮೊಣಕಾಲು ಬಗ್ಗಿಸಿ ನಿಂತು, ಎರಡೂ ಕೈ ಚಾಚಿ, ನೀರು ತುಂಬಿದ ಗಡಿಗೆಗಳ ಬಾಯಿಯನ್ನು ಬೆರಳ ತುದಿಯಲ್ಲಿ ಹಿಡಿದಿರಬೇಕು. ಸೊಂಟಕ್ಕೆ ಹಗ್ಗ ಕಟ್ಟಿ ಟೈರು ಎಳೆಯುತ್ತಾ ಓಡಬೇಕು, ಟೈರಿನ ಮೇಲೆ ಅಕಿಸಾಮೆ ಆರಾಮಾಗಿ ಕೂತಿರುತ್ತಾನೆ. ಅಕಿಸಾಮೆ ತಾನೇ ಕೆತ್ತಿದ ಜಿಜೋ ಪ್ರತಿಮೆಗಳನ್ನು ಹೊತ್ತು ಬಸ್ಕಿ ಹೊಡೆಯಬೇಕು. ಜಿಜೋ ಅಂದರೆ ಜಪಾನಿನಲ್ಲಿ ದಾರಿ ಬದಿಯಲ್ಲಿ ಕಾಣುವ, ಮಕ್ಕಳನ್ನು ಕಾಯುವ ಬೋಧಿಸತ್ವ. ಆ ಶಾಂತವಾದ ಕಲ್ಲಿನ ಮುಖ, ಅದನ್ನು ಹೊತ್ತು ಬೆವರಿ ತೋಯ್ದ ಹುಡುಗನ ಮುಖ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟಿರುವ ಚಿತ್ರಗಳನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ.

ಈ ಕಂತುಗಳನ್ನು ನಮ್ಮ ಅಪ್ಪನೂ ನೋಡಿದರು. ಚಿಂಚವಾಡದ ನಮ್ಮ ಮನೆಯಲ್ಲಿ ಅಕ್ಕನ ಮಗ ಟಿವಿಗೆ ಹಚ್ಚಿದ್ದ, ಅಪ್ಪ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ಅಪ್ಪ ಅಥಣಿ ಕಡೆಯವರು. ವಯಸ್ಸಿನಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಜಾತ್ರೆ ಕುಸ್ತಿ ಹಿಡಿದವರು. ಜಿಜೋ ಹೊತ್ತು ಬಸ್ಕಿ ಹೊಡೆಯುವುದು ಬಂದಾಗ ಪೇಪರ್ ಕೆಳಗಿಟ್ಟರು. ‘ಇದು ಸಂಗ್ರಾಣಿ ಕಲ್ಲ ಅಲ್ಲೇನೋ?’ ಅಂದರು. ಆಮೇಲೆ ಎದ್ದು ಹೋಗಲಿಲ್ಲ. ಗಡಿಗೆ ಹಿಡಿಯುವುದು ನೋಡಿ, ‘ಪಂಜಾಕ್ಕ ಕಸುವು ಬರಬೇಕಂದ್ರ ಹಿಂಗ ಮಾಡಬೇಕು, ಬರೇ ತೋಳು ಬೆಳಿಸಿದ್ರ ಏನೂ ಹತ್ತೂದಿಲ್ಲ’ ಅಂತ ಮೊಮ್ಮಗನಿಗೆ ಹೇಳಿದರು. ಜಪಾನೀ ಮಾತು, ಇಂಗ್ಲಿಷ್ ಸಬ್‌ಟೈಟಲ್, ಎರಡೂ ಅವರಿಗೆ ಬೇಕಾಗಲಿಲ್ಲ.

ಅಪ್ಪನನ್ನು ನಿಜವಾಗಿ ಹಿಡಿದು ಕೂರಿಸಿದ್ದು ತಕೆದಾ ಕಥೆ. ನನಗೂ ಇಡೀ ಸರಣಿಯಲ್ಲಿ ಅದೇ ಅತಿ ಇಷ್ಟ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತಕೆದಾ ಇಕ್ಕಿ ರಗ್ನರೋಕ್ ಗುಂಪಿನವನು. ಬಾಕ್ಸರ್. ಒಂದು ಕಾಲದಲ್ಲಿ ಮುಂದೆ ದೊಡ್ಡ ಹೆಸರು ಮಾಡುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದ ಹುಡುಗ. ಗೆಳೆಯನೊಬ್ಬನನ್ನು ಉಳಿಸಲು ಹೋಗಿ ಪೆಟ್ಟು ತಿಂದು ಅವನ ಎಡಗೈ ಸತ್ತುಹೋಗಿದೆ. ಅಲ್ಲಾಡಿಸಲು ಬರುವುದಿಲ್ಲ. ಬಾಕ್ಸಿಂಗ್ ಹೋಯಿತು, ಗೆಳೆಯರ ಮೇಲಿನ ನಂಬಿಕೆಯೂ ಹೋಯಿತು, ಪುಂಡರ ಗುಂಪು ಸೇರಿದ. ಕೆನಿಚಿ ಅವನ ಜೊತೆ ಶಾಲೆಯ ತಾರಸಿಯ ಮೇಲೆ ಹೊಡೆದಾಡುತ್ತಾನೆ. ತಕೆದಾ ಒಂದೇ ಕೈಯಲ್ಲಿ ಹೊಡೆಯುವ ಏಟುಗಳು ಎಷ್ಟು ಚುರುಕು ಅಂದರೆ ಕೆನಿಚಿಗೆ ಅದು ಬರುವುದೇ ಕಾಣುವುದಿಲ್ಲ. ಕೊನೆಗೆ ತಕೆದಾ ತಾರಸಿಯ ಅಂಚಿನಿಂದ ಹೊರಗೆ ಬೀಳುತ್ತಾನೆ, ಇಷ್ಟು ಹೊತ್ತು ತನ್ನನ್ನು ಜಜ್ಜಿದವನ ಕೈಯನ್ನು ಕೆನಿಚಿ ಹಿಡಿದುಕೊಳ್ಳುತ್ತಾನೆ. ಬಿಡುವುದಿಲ್ಲ. ಇಲ್ಲಿಗೇ ಮುಗಿದಿದ್ದರೂ ಅದು ಒಳ್ಳೆಯ ಅಧ್ಯಾಯವೇ.

ಆದರೆ ಮುಂದಿನದು ನೋಡಿ. ಕೆನಿಚಿ ಅವನನ್ನು ರ್ಯೋಜಾನ್‌ಪಾಕುಗೆ ಕರೆದುಕೊಂಡು ಹೋಗುತ್ತಾನೆ. ಅಕಿಸಾಮೆ ಆ ಕೈಯನ್ನು ಪರೀಕ್ಷೆ ಮಾಡುತ್ತಾನೆ. ಇವನು ಯಾವ ಗುಂಪಿನವನು, ನಿನ್ನೆ ಯಾರನ್ನು ಹೊಡೆದ, ನಾಳೆ ಯಾರನ್ನು ಹೊಡೆಯುತ್ತಾನೆ ಅನ್ನುವ ಒಂದು ಪ್ರಶ್ನೆಯೂ ಅವನ ಬಾಯಲ್ಲಿ ಬರುವುದಿಲ್ಲ. ಕೈ ಕೆಟ್ಟಿದೆ, ಸರಿ ಮಾಡಬೇಕು. ಸರಿ ಮಾಡುತ್ತಾನೆ. ತನ್ನ ಶಿಷ್ಯನನ್ನು ಒಂದೇ ಕೈಯಲ್ಲಿ ಅಷ್ಟು ಹೊಡೆದವನಿಗೆ ಎರಡನೇ ಕೈಯನ್ನೂ ವಾಪಸ್ ಕೊಡುತ್ತಾನೆ! ತಕೆದಾ ಮತ್ತೆ ಬಾಕ್ಸಿಂಗ್ ಹಾದಿ ಹಿಡಿಯುತ್ತಾನೆ, ಮುಂದೆ ಕೆನಿಚಿಯ ಗಟ್ಟಿ ಗೆಳೆಯನಾಗುತ್ತಾನೆ.

ಇದು ಮತ್ಸುಎನಾ ಬರೀ ಕಲ್ಪನೆಯಿಂದ ಹುಟ್ಟಿಸಿದ್ದಲ್ಲ. ಜಪಾನಿನಲ್ಲಿ ಜುಜುತ್ಸು, ಜೂಡೋ ಕಲಿಸುವವರಿಗೂ ಮೂಳೆ ಕೂಡಿಸುವ ವೈದ್ಯಕ್ಕೂ ಹಳೆಯ ನಂಟು. ಇವತ್ತಿಗೂ ಅಲ್ಲಿ ಆ ವೈದ್ಯ ಮಾಡಲು ಸರಕಾರದ ಲೈಸೆನ್ಸ್ ಬೇಕು, ಲೈಸೆನ್ಸಿನ ಹೆಸರಿನಲ್ಲೇ ಜೂಡೋ ಇದೆ. ಮುರಿಯುವುದು ಹೇಗೆ ಅಂತ ಗೊತ್ತಿದ್ದವನಿಗೆ ಕೂಡಿಸುವುದೂ ಗೊತ್ತಿರಬೇಕು ಅನ್ನುವುದು ಆ ಪರಂಪರೆ. ನಮ್ಮ ಗರಡಿಗಳಲ್ಲೂ ಹೀಗೇ. ಭುಜ ಸರಿದರೆ, ಕಾಲು ಉಳುಕಿದರೆ ಊರವರು ಮೊದಲು ಹೋಗುತ್ತಿದ್ದುದು ಉಸ್ತಾದರ ಹತ್ತಿರ. ಅಪ್ಪನ ಊರಿನಲ್ಲಿ ಮೇಲಿನ ಓಣಿಗೆ ಒಂದು ಗರಡಿ, ಕೆಳಗಿನ ಓಣಿಗೆ ಒಂದು ಗರಡಿ. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಜಾತ್ರೆಯಲ್ಲಿ ಹಲಗಿ ಬಾರಿಸುತ್ತಾ ಜಂಗಿ ನಿಕಾಲಿ ಕುಸ್ತಿ ನಡೆದರೆ ಇಡೀ ಊರು ಎರಡು ಪಾಲು. ಒಂದು ಸಲ ಕೆಳಗಿನ ಓಣಿಯ ಪೈಲ್ವಾನನ ಭುಜ ಕಣದಲ್ಲೇ ಸರಿಯಿತಂತೆ. ಅವರ ಉಸ್ತಾದರು ಊರಲ್ಲಿ ಇರಲಿಲ್ಲ. ಮೇಲಿನ ಓಣಿಯ ಉಸ್ತಾದರೇ ಕಣಕ್ಕೆ ಇಳಿದು, ತಮ್ಮ ಹುಡುಗನನ್ನು ಪಕ್ಕಕ್ಕೆ ಸರಿಸಿ, ಅಲ್ಲೇ ಮಣ್ಣಿನಲ್ಲಿ ಕೂತು ಆ ಭುಜ ಕೂಡಿಸಿದರು ಅಂತ ಅಪ್ಪ ಹೇಳಿದರು. ಅಕಿಸಾಮೆ ತಕೆದಾನ ಕೈ ಹಿಡಿದ ದೃಶ್ಯ ನೋಡಿದ ಮೇಲೇ ಈ ಕಥೆ ಹೊರಗೆ ಬಂದದ್ದು. ಇಷ್ಟು ವರ್ಷ ಇದನ್ನು ನಾನು ಕೇಳಿರಲಿಲ್ಲ.

ಈಗ ಇನ್ನೊಂದು ಕಡೆ ನೋಡೋಣ. ರಗ್ನರೋಕ್‌ನ ಮುಖಂಡ ಓಡಿನ್. ಅವನ ನಿಜವಾದ ಹೆಸರು ಅಸಾಮಿಯಾ ರ್ಯೂತೊ, ಕೆನಿಚಿಯ ಚಿಕ್ಕಂದಿನ ಗೆಳೆಯ. ಹುಡುಗರಿದ್ದಾಗ ಒಂದು ಬ್ಯಾಡ್ಜ್‌ಗಾಗಿ ಇಬ್ಬರೂ ಹೊಡೆದಾಡಿದವರು. ಅವನಿಗೆ ಕೆನಿಚಿಗೆ ಇಲ್ಲದ ಎಲ್ಲವೂ ಇದೆ. ಪ್ರತಿಭೆ ಇದೆ, ಬುದ್ಧಿ ಇದೆ, ಧೈರ್ಯ ಇದೆ. ದೊಡ್ಡ ಗುರುವೂ ಇದ್ದಾನೆ, ಒಗಾತಾ ಇಶ್ಶಿನ್‌ಸಾಯ್. ಈ ಸರಣಿಯಲ್ಲಿ ಹೋರಾಟಗಾರರ ಶಕ್ತಿ ಎರಡು ಬಗೆ. ಮನಸ್ಸನ್ನು ತಣ್ಣಗೆ ಇಟ್ಟುಕೊಂಡು ಹೋರಾಡುವವರ ಶಕ್ತಿ ‘ಸೇ’, ಸಿಟ್ಟನ್ನು ಉಕ್ಕಿಸಿ ಹೋರಾಡುವವರದು ‘ದೋ’. ಒಬ್ಬ ಮನುಷ್ಯ ಒಂದನ್ನು ಹಿಡಿಯಬೇಕು. ಎರಡನ್ನೂ ಒಟ್ಟಿಗೆ ಎಬ್ಬಿಸಿದರೆ ಏನಾಗುತ್ತದೆ ಅಂತ ನೋಡುವ ಆಸೆ ಒಗಾತಾನಿಗೆ. ಅದನ್ನು ತನ್ನ ಶಿಷ್ಯನ ಮೈಮೇಲೆ ನೋಡುತ್ತಾನೆ. ರ್ಯೂತೊ ಕೊನೆಯ ಹೋರಾಟದಲ್ಲಿ ಅದನ್ನು ಬಳಸುತ್ತಾನೆ, ಅವನ ದೇಹ ಒಳಗಿನಿಂದಲೇ ಒಡೆದುಹೋಗುತ್ತದೆ. ಆಮೇಲೆ ನಾವು ಅವನನ್ನು ನೋಡುವಾಗ ಗಾಲಿ ಕುರ್ಚಿಯಲ್ಲಿ ಕೂತಿರುತ್ತಾನೆ.

ಒಗಾತಾ ಕೆಟ್ಟ ಮುಖದ ಖಳನಾಯಕ ಅಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸುವುದು. ನಯವಾಗಿ ಮಾತಾಡುತ್ತಾನೆ. ಶಿಷ್ಯರ ಮೇಲೆ ನಿಜವಾಗಿಯೂ ಅಭಿಮಾನ ಇರುವ ಹಾಗೇ ಕಾಣುತ್ತಾನೆ. ವಿದ್ಯೆ ಮುಂದೆ ಹೋಗಬೇಕು, ಅದಕ್ಕೆ ಯಾರಾದರೂ ಬಲಿಯಾದರೆ ಆಗಲಿ, ಅದು ಅವನ ಲೆಕ್ಕ. ಅಲ್ಲಿ ಶಿಷ್ಯ ವಿದ್ಯೆಗಾಗಿ ಇದ್ದಾನೆ. ರ್ಯೋಜಾನ್‌ಪಾಕುನಲ್ಲಿ ವಿದ್ಯೆ ಶಿಷ್ಯನಿಗಾಗಿ ಇದೆ. ಈ ಸರಣಿಯಲ್ಲಿ ಶಾಲೆ ಶಾಲೆಗಳ ನಡುವೆ ನಡೆಯುವ ಪೈಪೋಟಿ ಇದೇ ಅಂತ ನನಗೆ ಅನಿಸುತ್ತದೆ. ಕರಾಟೆ ಹೆಚ್ಚೋ ಬಾಕ್ಸಿಂಗ್ ಹೆಚ್ಚೋ ಅನ್ನುವುದು ಮೇಲಿನ ಮಾತು. ಎದುರುಬದುರು ನಿಂತಿರುವುದು ಕಲಿಸುವ ಎರಡು ರೀತಿ.

ಕಥೆಯಲ್ಲಿ ಇದಕ್ಕೆ ಹೆಸರೂ ಇದೆ. ರ್ಯೋಜಾನ್‌ಪಾಕು ಕಡೆಯದು ‘ಕತ್ಸುಜಿನ್‌ಕೆನ್’, ಬದುಕಿಸುವ ಮುಷ್ಟಿ. ‘ಯಾಮಿ’ ಅನ್ನುವ ಗುರುಗಳ ಕೂಟದ್ದು ‘ಸತ್ಸುಜಿನ್‌ಕೆನ್’, ಕೊಲ್ಲುವ ಮುಷ್ಟಿ. ಒಗಾತಾ ಆ ಕೂಟದವನು. ಈ ವಿಚಾರದ ಬೇರು ಹಳೆಯದು. ಜಪಾನನ್ನು ಆಳುತ್ತಿದ್ದ ತೊಕುಗವಾ ಶೋಗನ್‌ಗಳಿಗೆ ಕತ್ತಿವರಸೆ ಕಲಿಸಿದ ಯಾಗ್ಯು ಮುನೆನೋರಿ 1632ರಲ್ಲಿ ಬರೆದ ಪುಸ್ತಕದಲ್ಲೇ ಕೊಲ್ಲುವ ಕತ್ತಿ, ಬದುಕಿಸುವ ಕತ್ತಿ ಅಂತ ಎರಡು ಭಾಗಗಳಿವೆ. ಅವನ ಕಾಲದಲ್ಲಿ ಕತ್ತಿ ಶಾಲೆಗಳ ನಡುವಿನ ಹಗೆತನ ನಿಜವಾಗಿಯೂ ಪ್ರಾಣ ತೆಗೆಯುವಂಥದ್ದು. ಹೆಸರಾಂತ ಕತ್ತಿವೀರ ಮಿಯಾಮೊತೊ ಮುಸಾಶಿ 1604ರಲ್ಲಿ ಕ್ಯೋಟೋದ ಯೋಶಿಯೋಕಾ ಶಾಲೆಯವರ ಜೊತೆ ಒಂದಾದ ಮೇಲೊಂದು ಹೋರಾಡಿ ಆ ಶಾಲೆಯನ್ನೇ ಮುಗಿಸಿದ ಅಂತ ಹೇಳುತ್ತಾರೆ. ಬೇರೆಯವರ ದೋಜೋಗೆ ನುಗ್ಗಿ ಸವಾಲು ಹಾಕಿ, ಗೆದ್ದರೆ ಅವರ ಬೋರ್ಡು ಕಿತ್ತುಕೊಂಡು ಹೋಗುವ ಪದ್ಧತಿಗೆ ಜಪಾನಿನಲ್ಲಿ ‘ದೋಜೋ ಯಾಬುರಿ’ ಅಂತ ಹೆಸರೇ ಇದೆ. ಇಂಥ ಮಣ್ಣಿನಿಂದ ಈ ಮಾಂಗಾ ಎದ್ದಿದೆ.

ಶಾಲೆಗಳ ಜಗಳ ನಮ್ಮ ಮನೆಗೂ ಬಂದಿತ್ತು. ಅಕ್ಕನ ಮಗ ಹೋಗುತ್ತಿದ್ದ ಕರಾಟೆ ಕ್ಲಾಸಿನಲ್ಲಿ, ಹೆಸರು ಬೇಡ, ಬೇರೆ ಕ್ಲಾಸಿನ ಹುಡುಗರ ಜೊತೆ ಪ್ರಾಕ್ಟೀಸ್ ಮಾಡಿದ್ದು ಗೊತ್ತಾದರೆ ಬೆಲ್ಟ್ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಸರ್ ಹೇಳಿದ್ದರು. ಇವನ ಆಪ್ತ ಗೆಳೆಯ ನಮ್ಮದೇ ಬಿಲ್ಡಿಂಗಿನ ಹುಡುಗ, ಅವನು ಹೋಗುವುದು ಬೇರೆ ಕ್ಲಾಸಿಗೆ. ಇವನದು ಶೋತೋಕಾನ್, ಅವನದು ಗೋಜು-ರ್ಯು, ಎರಡೂ ಕರಾಟೆಯದೇ ಪಂಥಗಳು. ಇಬ್ಬರೂ ಸಂಜೆ ಟೆರೇಸಿನಲ್ಲಿ ಒಟ್ಟಿಗೆ ಆಡುತ್ತಿದ್ದವರು, ಆ ಮಾತು ಕೇಳಿದ ಮೇಲೆ ಲಿಫ್ಟಿನಲ್ಲಿ ಸಿಕ್ಕರೂ ಮುಖ ತಿರುಗಿಸಲು ಶುರು ಮಾಡಿದರು. ಹದಿಮೂರು ವರ್ಷದ ಮಕ್ಕಳು! ನನಗೆ ಸಿಟ್ಟು ಬಂತು. ಅಕ್ಕನೂ ನಾನೂ ಹೋಗಿ ಮಾತಾಡಿದೆವು, ಉಪಯೋಗ ಆಗಲಿಲ್ಲ, ಹುಡುಗನನ್ನು ಬಿಡಿಸಿದೆವು.

ಆಗಲೇ ಅವನು ಕೇಳಿದ್ದು. ‘ಮಾಮಾ, ಖರೇನ ಶೋತೋಕಾನ್ ಮತ್ತ ಗೋಜು-ರ್ಯು ಲಡಾಯಿ ಆದ್ರ ಯಾರ ಗೆಲ್ತಾರ?’

‘ಯಾರ ಹೆಚ್ಚು ಸಾಮು ಮಾಡ್ಯಾರ, ಅವರ’ ಅಂದರು ಅಪ್ಪ, ನಾನು ಬಾಯಿ ತೆರೆಯುವ ಮೊದಲೇ.

ನಾನು ಅವನಿಗೆ ಫುನಾಕೋಶಿ ಕಥೆ ಹೇಳಿದೆ. ಶೋತೋಕಾನ್‌ನ ಮೂಲ ಪುರುಷ ಗಿಚಿನ್ ಫುನಾಕೋಶಿ ಒಕಿನಾವಾ ದ್ವೀಪದ ಶಾಲಾ ಮಾಸ್ತರರು. 1922ರಲ್ಲಿ ಕರಾಟೆ ತೋರಿಸಲು ಟೋಕಿಯೋಗೆ ಬಂದರು. ಅಲ್ಲಿ ಆಗ ದೊಡ್ಡ ಹೆಸರು ಜಿಗೋರೋ ಕಾನೋ ಅವರದು. 1882ರಲ್ಲಿ ಒಂದು ದೇವಾಲಯದ ಸಣ್ಣ ಕೋಣೆಯಲ್ಲಿ ಕೊದೊಕಾನ್ ಶುರು ಮಾಡಿ ಜೂಡೋವನ್ನು ಬೆಳೆಸಿದವರು. ದೂರದ ದ್ವೀಪದಿಂದ ಬೇರೆ ವಿದ್ಯೆ ಹಿಡಿದುಕೊಂಡು ಬಂದ ಮಾಸ್ತರರನ್ನು ಅವರು ಪ್ರತಿಸ್ಪರ್ಧಿ ಅಂತ ನೋಡಬಹುದಿತ್ತು. ನೋಡಲಿಲ್ಲ. ತಮ್ಮ ಕೊದೊಕಾನ್‌ಗೇ ಕರೆದು, ಇಲ್ಲಿ ನಮ್ಮವರ ಎದುರು ತೋರಿಸಿ ಅಂದರು. ಫುನಾಕೋಶಿ ತೋರಿಸಿದರು. ಕರಾಟೆ ಜಪಾನಿನ ಮುಖ್ಯಭೂಮಿಯಲ್ಲಿ ಬೇರು ಬಿಡಲು ಆ ಆಹ್ವಾನ ದೊಡ್ಡ ಆಸರೆಯಾಯಿತು. ಕರಾಟೆಯಲ್ಲಿ ಮೊದಲ ಏಟು ಇಲ್ಲ ಅಂತ ಶಿಷ್ಯರಿಗೆ ಹೇಳಿದವರೂ ಅದೇ ಫುನಾಕೋಶಿ. ಶೋತೋಕಾನ್ ಕಲಿಸುವ ಎಷ್ಟೋ ಕ್ಲಾಸುಗಳ ಗೋಡೆಯ ಮೇಲೆ ಅವರ ಫೋಟೋ ಇರುತ್ತದೆ, ಈ ಕಥೆಯನ್ನೂ ಹೇಳಬೇಕಲ್ಲವಾ?

ಈಗ ಇಬ್ಬರು ಹುಡುಗರೂ ಮತ್ತೆ ಟೆರೇಸಿಗೆ ಹೋಗುತ್ತಾರೆ. ಕೆನಿಚಿಯ ‘ಮುಬ್ಯೋಶಿ’ ಅನ್ನುವ ಏಟನ್ನು ಮಾಡಿ ನೋಡುತ್ತಾರೆ. ಅದು ಕೆನಿಚಿ ತಾನೇ ಕಂಡುಕೊಂಡ ಪಟ್ಟು, ಕರಾಟೆ, ಜುಜುತ್ಸು, ಕೆಂಪೋ, ಮುಯ್ ಥಾಯ್ ನಾಲ್ಕನ್ನೂ ಸೇರಿಸಿ ಮಾಡಿದ್ದು. ಮುಷ್ಟಿ ಎದುರಾಳಿಯ ಮೈಗೆ ಹತ್ತಿರದಲ್ಲೇ ಇರುತ್ತದೆ. ಹಿಂದಕ್ಕೆ ಎಳೆದು ಹೊಡೆಯುವುದಿಲ್ಲ, ಹಾಗಾಗಿ ಏಟು ಬರುವ ಸುಳಿವೇ ಸಿಗುವುದಿಲ್ಲ. ಕಾಲು, ಸೊಂಟ, ಬೆನ್ನು, ಭುಜ ಎಲ್ಲದರ ಬಲವೂ ಒಂದೇ ಕ್ಷಣದಲ್ಲಿ ಮುಷ್ಟಿಗೆ ಬರಬೇಕು. ನನಗೆ ಈ ಪಟ್ಟು ಇಷ್ಟವಾಗುವುದು ಅದರ ಬಲಕ್ಕಲ್ಲ. ನಾಲ್ಕು ಗುರುಗಳಲ್ಲಿ ಯಾರೊಬ್ಬರೂ ಅದನ್ನು ಕಲಿಸಿರಲಿಲ್ಲ, ನಾಲ್ವರ ಪಾಠವೂ ಅದರೊಳಗೆ ಇದೆ. ಬೇರೆ ಶಾಲೆಗೆ ಹೋದರೆ ನಮ್ಮ ವಿದ್ಯೆ ಕೆಡುತ್ತದೆ ಅನ್ನುವವರಿಗೆ ಮತ್ಸುಎನಾ ಕೊಟ್ಟ ಉತ್ತರ ಇದು ಅಂತ ನಾನು ಓದಿಕೊಳ್ಳುತ್ತೇನೆ.

ಪುಣೆಯಲ್ಲಿ ಇದ್ದುಕೊಂಡು ಈ ಮಾತು ಆಡುವಾಗ ಪೇಠೆಗಳ ತಾಲೀಮುಗಳು, ಅಂದರೆ ಇಲ್ಲಿನ ಗರಡಿಗಳು, ನೆನಪಾಗುತ್ತವೆ. ಇಲ್ಲಿ ಒಂದೊಂದು ಪೇಠೆಗೂ ತನ್ನ ತಾಲೀಮು, ತನ್ನ ಉಸ್ತಾದ, ತನ್ನ ಹಟ. ಗಣಪತಿ ವಿಸರ್ಜನೆಯಲ್ಲಿ ಮೊದಲ ಮಾನ ಸಿಗುವ ಐದು ಗಣಪತಿಗಳಲ್ಲಿ ಮೂರನೆಯದು ಗುರುಜಿ ತಾಲೀಮಿನದು. 1887ರಲ್ಲಿ ಒಂದು ಹಿಂದೂ ಮನೆತನ, ಒಂದು ಮುಸ್ಲಿಂ ಉಸ್ತಾದರ ಮನೆತನ ಸೇರಿ ಅದನ್ನು ಶುರು ಮಾಡಿದವು. ಒಂದೇ ಮಣ್ಣಿನಲ್ಲಿ ಬೆವರು ಸುರಿಸಿದವರು ಒಂದೇ ಗಣಪತಿ ಕೂರಿಸಿದರು. ಮೆರವಣಿಗೆಯಲ್ಲಿ ಆ ಗಣಪತಿ ಬಂದಾಗ ಅಪ್ಪ ತಪ್ಪದೇ ಎದ್ದು ನಿಲ್ಲುತ್ತಾರೆ.

ಮಾಂಗಾಗೆ ವಾಪಸ್ ಬರುತ್ತೇನೆ. ಇದರಲ್ಲಿ ನನಗೆ ಹಿಡಿಸದ ಒಂದು ಸಂಗತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಿಯು, ಶಿಗುರೆ ಮತ್ತೆ ಉಳಿದ ಹೆಂಗಸರನ್ನು ಬಿಡಿಸುವ ರೀತಿ. ಬಟ್ಟೆ ಅತಿ ಬಿಗಿ ಇಲ್ಲ ಅತಿ ಕಡಿಮೆ, ಹೊಡೆದಾಟದಲ್ಲಿ ಅದೂ ಹರಿಯುತ್ತದೆ, ಮಾ ಕೆನ್‌ಸೇ ಕ್ಯಾಮೆರಾ ಹಿಡಿದು ಅವರ ಹಿಂದೆ ಓಡುತ್ತಾನೆ. ಸಂಪುಟಗಳು ಮುಂದೆ ಹೋದಂತೆ ಇದು ಜಾಸ್ತಿಯಾಗುತ್ತದೆ. ಶಿಗುರೆಯಂಥ ಪಾತ್ರಕ್ಕೆ ಇದು ಅನ್ಯಾಯ. ಕತ್ತಿ ಹಿಡಿದು ಅವಳು ಸುಮ್ಮನೆ ನಿಂತರೇ ಪುಟ ತುಂಬುತ್ತದೆ, ಬೇರೆ ಏನೂ ಬೇಕಾಗಿಲ್ಲ. ಅನಿಮೆಯಲ್ಲಿ ಇದು ಸ್ವಲ್ಪ ಕಡಿಮೆ. ಅಕ್ಕನ ಮಗನಿಗೆ ಅದಕ್ಕೇ ಅನಿಮೆ ಮಾತ್ರ ತೋರಿಸಿದ್ದೇನೆ, ಮಾಂಗಾ ಆಮೇಲೆ ಓದಲಿ. ಮನೆಯಲ್ಲಿ ಚಿಕ್ಕವರಿದ್ದರೆ ನೀವೂ ಹಾಗೇ ಮಾಡಿ.

ಹೆಂಗಸರ ವಿಚಾರದಲ್ಲೇ ಕೆನಿಚಿಗೆ ಇನ್ನೊಂದು ನಿಯಮ, ಹುಡುಗಿಯರ ಮೇಲೆ ಕೈ ಎತ್ತುವುದಿಲ್ಲ. ತೇಕ್ವಾಂಡೋ ಬಲ್ಲ ಕಿಸಾರಾ ಒದೆಯುತ್ತಲೇ ಇರುತ್ತಾಳೆ, ಇವನು ತಿರುಗಿ ಹೊಡೆಯುವುದಿಲ್ಲ. ತನ್ನನ್ನು ಸರಿಸಮ ಅಂತ ಎಣಿಸಲಿಲ್ಲ ಅಂತ ಅವಳಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ ಅಂತ ನನಗೆ ಅನಿಸುತ್ತದೆ.

ಪಾತ್ರಗಳ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಇಬ್ಬರ ಬಗ್ಗೆ ಮಾತ್ರ ಹೇಳಿ ನಿಲ್ಲಿಸುತ್ತೇನೆ.

ಮೊದಲನೆಯವನು ತನಿಮೊತೊ ನತ್ಸು, ರಗ್ನರೋಕ್‌ನಲ್ಲಿ ಅವನ ಹೆಸರು ಹರ್ಮಿಟ್. ಚೀನೀ ಕೆಂಪೋ ಬಲ್ಲವನು. ಅವನಿಗೆ ಅದನ್ನು ಕಲಿಸಿದವನು ಮಾ ಸೋಗೆತ್ಸು, ನಮ್ಮ ಮಾ ಕೆನ್‌ಸೇಯ ಸ್ವಂತ ಅಣ್ಣ. ಅಣ್ಣ ಕೊಲ್ಲುವ ಮುಷ್ಟಿಯ ಕಡೆ, ತಮ್ಮ ಬದುಕಿಸುವ ಮುಷ್ಟಿಯ ಕಡೆ. ಒಂದೇ ಮನೆಯ ವಿದ್ಯೆ ಎರಡು ದಾರಿ ಹಿಡಿದು, ಎರಡು ಹುಡುಗರ ಮೈಯಲ್ಲಿ ಮತ್ತೆ ಎದುರಾಗುತ್ತದೆ. ನತ್ಸು ಪುಟ್ಟ ತಂಗಿಯನ್ನು ಕಳೆದುಕೊಂಡವನು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಂಥವನ ಮನೆಗೆ ಕೆನಿಚಿಯ ತಂಗಿ ಹೊನೊಕಾ ಹೇಳದೇ ಕೇಳದೇ ನುಗ್ಗಿ, ಒಥೆಲೊ ಅನ್ನುವ ಹಲಗೆ ಆಟ ಆಡೋಣ ಬಾ ಅಂತ ಹಟ ಹಿಡಿದು ಕೂರುತ್ತಾಳೆ. ಮತ್ಸುಎನಾ ಅವರ ನಡುವೆ ದೊಡ್ಡ ಮಾತು ಯಾವುದನ್ನೂ ಆಡಿಸುವುದಿಲ್ಲ. ಆಟ ನಡೆಯುತ್ತದೆ, ನತ್ಸು ಸೋಲುತ್ತಾನೆ, ಮತ್ತೆ ಹಲಗೆ ಹಾಸುತ್ತಾರೆ.

ಎರಡನೆಯವನು ಅಪಾಚೈ. ಆಳು ದೈತ್ಯ, ಮನಸ್ಸು ಮಗುವಿನದು. ಪಾರಿವಾಳಗಳಿಗೆ, ಓಣಿಯ ಮಕ್ಕಳಿಗೆ ಅವನೆಂದರೆ ಪ್ರಾಣ. ಆದರೆ ಬೆಳೆದದ್ದು ಸಾವು ಬದುಕಿನ ಕಣಗಳಲ್ಲಿ, ಹಾಗಾಗಿ ಕೈ ಹಗುರ ಮಾಡಿ ಹೊಡೆಯುವುದು ಅವನಿಗೆ ಗೊತ್ತೇ ಇಲ್ಲ. ಮೊದಮೊದಲು ಅವನ ಪಾಠ ಅಂದರೆ ಕೆನಿಚಿ ಸಾವಿನ ಬಾಗಿಲಿಗೆ ಹೋಗಿ ಬರುವುದು. ಈ ಹುಡುಗನಿಗೆ ಕಲಿಸಬೇಕು ಅನ್ನುವ ಒಂದೇ ಕಾರಣಕ್ಕೆ ಅಪಾಚೈ ತಾನೇ ಮತ್ತೆ ಕಲಿಯಲು ಕೂರುತ್ತಾನೆ, ಬಲ ತಡೆದು ಹೊಡೆಯುವುದನ್ನು. ಕಲಿಸುವವನು ಶಿಷ್ಯನಿಗಾಗಿ ತನ್ನ ಕೈಯನ್ನೇ ತಿದ್ದಿಕೊಳ್ಳುವುದನ್ನು ನಾನು ಬೇರೆ ಯಾವ ಹೊಡೆದಾಟದ ಕಥೆಯಲ್ಲೂ ನೋಡಿಲ್ಲ.

ಟಿವಿ ಅನಿಮೆ ರಗ್ನರೋಕ್ ಕಥೆ ಮುಗಿಸಿ ನಿಂತುಬಿಡುತ್ತದೆ. 2012ರಿಂದ 2014ರ ನಡುವೆ ಕೆಲವು ಓವಿಎ, ಅಂದರೆ ಟಿವಿಗಲ್ಲದೆ ನೇರವಾಗಿ ಡಿಸ್ಕಿಗೆ ಮಾಡಿದ ಕಂತುಗಳು, ಬಂದವು, ಅವು ಬಿಡಿ ಬಿಡಿ ತುಣುಕುಗಳು. ಯಾಮಿ ಕೂಟದ ದೊಡ್ಡ ಗುರುಗಳು, ಅವರ ಶಿಷ್ಯರ ‘ಯೋಮಿ’ ಗುಂಪು, ನಮ್ಮ ಕಳರಿಪಯಟ್ಟು ಬಲ್ಲ ಹುಡುಗನೊಬ್ಬ, ಇವರೆಲ್ಲಾ ಬರುವುದು ರಗ್ನರೋಕ್ ಕಥೆಯ ನಂತರವೇ. ಮಾಂಗಾದ ಕೊನೆ ಅವಸರದಲ್ಲಿ ಕಟ್ಟಿದ ಹಾಗಿದೆ. ಹನ್ನೆರಡು ವರ್ಷ ಹದವಾಗಿ ಬೆಳೆಸಿದ ಗುರುಗಳ ಕಾಳಗಗಳು ಕೊನೆಯ ಸಂಪುಟಗಳಲ್ಲಿ ಓಡಿ ಓಡಿ ಮುಗಿಯುತ್ತವೆ, ನನಗೆ ಅದು ಇವತ್ತಿಗೂ ಬೇಸರ. ಆದರೆ ನಡುವೆ ಅಪಾಚೈ ತನ್ನ ಹಳೆಯ ಗೆಳೆಯ ಅಗಾರ್ಡ್ ಎದುರು ನಿಲ್ಲುವ ಭಾಗ ಇದೆ. ಇಬ್ಬರೂ ಮುಯ್ ಥಾಯ್‌ನವರು, ಇಬ್ಬರೂ ಒಂದೇ ಕಣದಿಂದ ಎದ್ದು ಬಂದವರು. ಅಗಾರ್ಡ್ ಕೊಲ್ಲಲು ಹೊಡೆಯುತ್ತಾನೆ. ಅಪಾಚೈ ಕೆನಿಚಿಗಾಗಿ ಕಲಿತ ಆ ತಡೆಯನ್ನು ಅಲ್ಲಿಯೂ ಬಿಡುವುದಿಲ್ಲ, ಅದರಿಂದ ತನಗೆ ಏನಾಗುತ್ತದೆ ಅಂತ ಗೊತ್ತಿದ್ದೂ. ಟಿವಿ ಅನಿಮೆ ಮಾತ್ರ ನೋಡಿ ಬಿಟ್ಟವರಿಗೆ ಇದು ಸಿಗುವುದಿಲ್ಲ. ಅದೊಂದಕ್ಕಾದರೂ ಮಾಂಗಾ ಓದಿ.